ಗವರ್ನರ್ ಆದಲ್ಲಿಗೆ ಮಂಗಳ

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಹಳೆಯ ಸ್ಟೀಲ್ ಫ್ಲಾಸ್ಕೊಂದು ಕೈಗೆ ಸಿಕ್ಕಿತು. ಹೊಟ್ಟೆಯ ಬಳಿ ತಗ್ಗು ಬಿದ್ದಿದೆ, ಹಿಡಿಕೆ ಸಡಿಲವಾಗಿದೆ. ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ತಂದೆ. ಜೀರಿಗೆ! ಇಷ್ಟು ವರ್ಷವಾದರೂ ಒಳಗಿನ ರಬ್ಬರ್ ಬಳೆ ಆ ವಾಸನೆಯನ್ನು ಬಿಟ್ಟುಕೊಟ್ಟಿಲ್ಲ. ಅದರ ಯಜಮಾನರೂ ಹಾಗೆಯೇ ಇದ್ದರು, ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಎಷ್ಟು ತಲೆ ತಿಂದಿದ್ದರು ಮಾರಾಯರು...

ಅವರು ಒಮಾನಿನ ಖುರುಮ್‌ನಲ್ಲಿದ್ದ ನಮ್ಮ ಆಫೀಸಿನ ಮ್ಯಾನೇಜರ್. ಟೈಲ್ಸು, ನಲ್ಲಿ, ಸಿಂಕು ಮಾರುವ ಕಂಪನಿ. ನಾನು ಅವರ ಕೈಕೆಳಗೆ ಸೇಲ್ಸ್ ನೋಡಿಕೊಳ್ಳುತ್ತಿದ್ದೆ. ಇಬ್ಬರೂ ದಕ್ಷಿಣ ಕನ್ನಡದವರು, ಇಬ್ಬರ ಮನೆಮಾತೂ ತುಳು, ಇಬ್ಬರ ಫ್ಲ್ಯಾಟೂ ಅಲ್ ಖೌದ್‌ನ ಒಂದೇ ಕಟ್ಟಡದಲ್ಲಿ. ಅಂದ ಮೇಲೆ ಆಫೀಸಿಗೆ ಹೋಗುವ ಕಾರೂ ಒಂದೇ, ಅದು ನನ್ನದು. ತುಳುವರಾದರೂ ನನ್ನ ಹತ್ತಿರ ಅವರು ಕನ್ನಡದಲ್ಲೇ ಮಾತಾಡುವರು. ಅವರು ತಾಳಮದ್ದಳೆಯ ಅರ್ಥಧಾರಿ. ನಾಲಿಗೆಗೆ ತುಕ್ಕು ಹಿಡಿಯಬಾರದಂತೆ. ಆ ನಾಲಿಗೆಯನ್ನು ದಿನಾ ಉಜ್ಜುತ್ತಿದ್ದದ್ದು ನನ್ನ ಕಿವಿಯ ಮೇಲೆ. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ, ಟ್ರಾಫಿಕ್ಕಿನ ನಡುವೆ ಇಳಿದು ಓಡಲಾಗದ ನನಗೆ ಅವರು ಹೇಳುತ್ತಿದ್ದದ್ದು ಒಂದೇ ಕತೆ. ಇನ್ನೂರು ವರ್ಷ ಹಿಂದಿನ ಒಬ್ಬ ಸ್ಕಾಟಿಷ್ ಜನರಲ್‌ನ ಕತೆ.

ಓದುಗರಿಗೂ ಸ್ವಲ್ಪ ಹೇಳಿಬಿಡುತ್ತೇನೆ, ನಾನೊಬ್ಬನೇ ಏಕೆ ಅನುಭವಿಸಬೇಕು? ಸ್ಕಾಟ್ಲೆಂಡಿನ ವ್ಯಾಪಾರಿಯೊಬ್ಬನ ಮಗ. ಅಪ್ಪನ ವ್ಯಾಪಾರ ಕೈಕೊಟ್ಟದ್ದರಿಂದ ಹಾಯಿಹಡಗು ಹತ್ತಿ ಮದ್ರಾಸಿಗೆ ಬಂದು ಕಂಪನಿಯ ಸೈನ್ಯಕ್ಕೆ ಸೇರಿದ. ಹೈದರನ ಕಾಲದ ಯುದ್ಧ, ಟಿಪ್ಪುವಿನ ಕಾಲದ ಯುದ್ಧ, ಎಲ್ಲದರಲ್ಲೂ ಬಿಸಿಲಿಗೆ ಬೆಂದ. ಯುದ್ಧ ಮುಗಿದ ಮೇಲೆ ಅವನ ಕೈಗೆ ಕಂದಾಯದ ಕೆಲಸ ಕೊಟ್ಟು ನಮ್ಮ ಕರಾವಳಿಗೆ ಕಳಿಸಿದರು. ನಮ್ಮ ಮಳೆ ನೋಡಿ ಅವನು ಕಂಗಾಲಾದ. ಅದಕ್ಕಿಂತ ಹೆಚ್ಚಾಗಿ ನಮ್ಮ ಜನ ನೋಡಿ. ಕರೆದರೆ ಕಚೇರಿಗೆ ಬರುವುದಿಲ್ಲ, ಬಂದರೆ ವಾದ ಬಿಡುವುದಿಲ್ಲ. ಬೇಗ ಬೇರೆ ಕಡೆ ಹಾಕಿ ಎಂದು ಬರೆದುಕೊಂಡು ಘಟ್ಟದ ಆಚೆ ಹೋದ. ಅಲ್ಲಿ ಹೆಸರು ಮಾಡಿದ, ಮತ್ತೆ ಸೈನ್ಯಕ್ಕೆ ಹೋಗಿ ಜನರಲ್ ಆದ, ಕೊನೆಗೆ ಮದ್ರಾಸಿಗೇ ಗವರ್ನರ್ ಆದ. ಇಲ್ಲಿಗೆ ಬಂದಾಗ ನಮ್ಮ ಮ್ಯಾನೇಜರು ಕಾರಿನ ಡ್ಯಾಶ್‌ಬೋರ್ಡಿಗೆ ಒಂದು ಪೆಟ್ಟು ಹಾಕಿ, “ಆಳಾಗಬಲ್ಲವನು ಅರಸನಾಗಬಲ್ಲ!” ಎನ್ನುವರು. ಅಲ್ಲಿಗೆ ಕತೆ ಖಲಾಸ್. ಮರುದಿನ ಮತ್ತೆ ಹಡಗು ಮದ್ರಾಸಿಗೆ ಬಂತು.

ಅವರಿಗೆ ಆ ಕತೆ ಯಾಕೆ ಅಷ್ಟು ಅಂಟಿತ್ತೆಂದು ಕಂಡುಹಿಡಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಅವರೂ ಮೀಸೆ ಚಿಗುರುವ ವಯಸ್ಸಿನಲ್ಲಿ ಒಮಾನಿಗೆ ಬಂದವರು. ಮೊದಲು ಬುರೈಮಿಯ ಗೋಡೌನಿನಲ್ಲಿ ಸಿಮೆಂಟಿನ ಮೂಟೆ ಇಳಿಸಿದರು, ಆಮೇಲೆ ಕೌಂಟರಿನಲ್ಲಿ ನಿಂತರು, ಕೊನೆಗೆ ಖುರುಮ್‌ನ ಗಾಜಿನ ಕ್ಯಾಬಿನ್ ಹೊಕ್ಕರು. ಅವರ ಪಾಲಿಗೆ ಬುರೈಮಿಯೇ ಯುದ್ಧಭೂಮಿ, ಖುರುಮ್ ಮದ್ರಾಸು. ಏನೇ ಆದರೂ ಜನರಲ್ ಬಂದುಬಿಡುತ್ತಿದ್ದ. ಕಂಟೇನರ್ ತಡವಾದರೆ ಜನರಲ್ ಹೊಳೆ ದಾಟಲು ಕಾದದ್ದು, ಗಿರಾಕಿ ಜಗಳಕ್ಕೆ ಬಂದರೆ ಜನರಲ್ ರೈತರ ಮಾತು ಕೇಳಿದ್ದು. ಒಮ್ಮೆ ತಡೆಯಲಾರದೆ ಹೇಳಿದೆ, “ಸಾರ್, ಎಷ್ಟಾದ್ರೂ ಅವ ನಮ್ಮನ್ನು ಆಳ್ಲಿಕ್ಕೆ ಬಂದವ. ನೀವು ನೋಡಿದ್ರೆ ನಿಮ್ಮ ಸೋದರಮಾವನ ಹಾಗೆ ಹೊಗಳ್ತೀರಿ.”

“ಹೊಗಳುದಲ್ಲ ಮಾರಾಯ್ರೆ,” ಎಂದರು. “ಊರು ಬಿಟ್ಟು ಬಂದವನ ಕಷ್ಟ ಊರು ಬಿಟ್ಟವನಿಗೇ ಗೊತ್ತಾಗುದು.”

“ಅವ ಬಂದೂಕು ಹಿಡ್ಕೊಂಡು ಬಂದದ್ದು. ನಾವು ವೀಸಾ ಕೊಡುವ ಕಫೀಲ್‌ನ ಸಹಿ ಹಿಡ್ಕೊಂಡು ಬಂದದ್ದು,” ಎಂದೆ. ಅವರು ನಕ್ಕರು. ಆದರೆ ಮರುದಿನ ಹಡಗು ಬರುವುದು ತಪ್ಪಲಿಲ್ಲ.

ಇದೆಲ್ಲ ಸಹಿಸಬಹುದಾದ ಉಪದ್ರ. ನಿಜವಾದ ಉಪದ್ರ ಶುರುವಾದದ್ದು ಅವರು ನಿವೃತ್ತರಾದ ಮೇಲೆ. ನಿವೃತ್ತರಾದರು ಎನ್ನುವುದೂ ತಪ್ಪು. ರಾಜೀನಾಮೆ ಕೊಟ್ಟರು, ಕೇಕು ಕತ್ತರಿಸಿದರು, ಹೂಗುಚ್ಛ ಹಿಡಿದು ಫೋಟೋಕ್ಕೆ ನಿಂತರು, ಮರುದಿನ ಬೆಳಿಗ್ಗೆ ನನ್ನ ಕಾರಿನ ಹತ್ತಿರ ಬ್ಯಾಗು ಹಿಡಿದು ನಿಂತಿದ್ದರು! ಹೊಸ ಮ್ಯಾನೇಜರಿಗೆ ಕೆಲಸ ಒಪ್ಪಿಸಬೇಕಂತೆ. ಪಾಪ, ಆ ಹೊಸಬ ಗಾಜಿನ ಕ್ಯಾಬಿನ್ನಿನಲ್ಲಿ ಗಿರಾಕಿಗಳ ಕುರ್ಚಿಯ ಮೇಲೆ ಕೂತು, ಎದುರು ಮ್ಯಾನೇಜರ್ ಕುರ್ಚಿಯ ಮೇಲೆ ಕೂತ ಇವರಿಂದ ಕೆಲಸ ಕಲಿಯುತ್ತಿದ್ದ. ಕಲಿಯಲು ಏನೂ ಉಳಿಯದೇ ಇದ್ದಾಗ ಜನರಲ್‌ನ ಕತೆ ಕಲಿತ. ನಮ್ಮ ಕಂಪನಿಯ ಅರಬ್ಬಿ ಮಾಲೀಕರು ಒಳ್ಳೆಯ ಮನುಷ್ಯ. ಇವರನ್ನು ಕಂಡರೆ ಪ್ರೀತಿ. ಪ್ರತಿ ಸಲ ಇವರು “ಸ್ವಲ್ಪ ದಿನ” ಎಂದಾಗ ಅವರು ವೀಸಾ ಮುಂದುವರಿಸಲು ಒಪ್ಪುತ್ತಿದ್ದರು. ಒಮ್ಮೆ ಅವರೂ ನನ್ನ ಕಡೆ ನೋಡಿ ಕೈ ಚೆಲ್ಲಿ, “ಮುದೀರ್ ಖಲಾಸ್, ಮುದೀರ್ ನೋ ಖಲಾಸ್?” ಎಂದು ಕೇಳಿದರು. ಮುದೀರ್ ಎಂದರೆ ಮ್ಯಾನೇಜರ್. ನಾನೂ ಅವರ ಹಾಗೆಯೇ ಕೈ ಚೆಲ್ಲಿದೆ.

ಅತ್ತ ಮಂಗಳೂರಿನಲ್ಲಿ ನಮ್ಮ ಮ್ಯಾನೇಜರ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಡಾಕ್ಟರು ಕೂಡಲೇ ಆಪರೇಷನ್ ಆಗಬೇಕೆಂದಿದ್ದರು. ಆ ಮಹಾತಾಯಿಯದು ಬೇರೆಯೇ ಹಟ. ಗಂಡ ಬಂದ ಮೇಲೆಯೇ ಆಪರೇಷನ್. ಬಹಳ ವರ್ಷ ಇಬ್ಬರೂ ಬೇರೆ ಬೇರೆ ದೇಶದಲ್ಲಿದ್ದರಲ್ಲ, ಕಟ್ಟು ಬಿಚ್ಚುವಾಗ ಎದುರಿಗೆ ಅವರೇ ಇರಬೇಕಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಹಗ್ಗದಂತೆ ನಾನು.

“ತಮ್ಮ, ಅವರನ್ನು ಒಮ್ಮೆ ವಿಮಾನ ಹತ್ತಿಸಿ ಬಿಡಿ,” ಎಂದು ಅಕ್ಕ ಫೋನಿನಲ್ಲಿ ಹೇಳುವರು. “ಬೆಳಿಗ್ಗೆ ತುಳಸಿಗೆ ನೀರು ಹಾಕ್ಲಿಕ್ಕೆ ಹೋಗಿ ಮೆಟ್ಟಿಲು ತಪ್ಪಿದೆ. ಅವರಿಗೆ ಹೇಳ್ಬೇಡಿ. ಹೇಳಿದ್ರೆ ಆಪರೇಷನ್ ಮಾಡಿಸ್ಕೊ ಅಂತಾರೆ, ತಾವು ಮಾತ್ರ ಬರುದಿಲ್ಲ.”

ನಾನು ಹೇಳಿಯೇ ಹೇಳಿದೆ. ಕಾರು ರಸ್ತೆಯ ಬದಿಗೆ ನಿಲ್ಲಿಸಿ, ಸ್ವರ ಏರಿಸಿ ಹೇಳಿದೆ. ಅವರ ಮುಖ ಬಾಡಿತು. ಟಿಕೆಟ್ ಮಾಡಿಸಿ ಎಂದರು. ಮಾಡಿಸಿದೆ. ಎರಡು ದಿನ ಮೊದಲು, “ಬುರೈಮಿಯ ಹಾಜಿಗೆ ಹೇಳದೆ ಹೋದ್ರೆ ಹೇಗೆ?” ಎಂದು ತಕರಾರು. ಸರಿ, ಬುರೈಮಿಗೆ ಹೋಗಿ ಬರುವ ಎಂದೆ. “ಈಗ ಬೇಡ,” ಎಂದರು. ಹಾಗಾದರೆ ಫೋನಿನಲ್ಲಿ ಹೇಳಿ ಎಂದೆ. ಹಾಗೆಲ್ಲ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಟಿಕೆಟ್ ರದ್ದಾಯಿತು. ಮತ್ತೊಂದು ಮಾಡಿಸಿದೆ. ಅದಕ್ಕೂ ಅದೇ ಗತಿ.

ಆ ಹಾಜಿಯಾರ್ ಯಾರೆಂದರೆ, ಬುರೈಮಿಯಲ್ಲಿ ಇವರ ಜೊತೆ ಒಂದೇ ಕೋಣೆಯಲ್ಲಿ ಬದುಕು ಶುರುಮಾಡಿದ ಬ್ಯಾರಿ ವ್ಯಾಪಾರಿ. ಇವರು ಸಿಮೆಂಟ್ ಮೂಟೆ ಹೊತ್ತ ಕಾಲದಲ್ಲಿ ಅವರು ಬಟ್ಟೆಯ ಗಂಟು ಹೊತ್ತವರು. ಇವರು ಜ್ವರ ಬಂದು ಮಲಗಿದ್ದಾಗ ಗಂಜಿ ಕಾಯಿಸಿ ಕುಡಿಸಿದವರು. ಈಗ ಅಲ್ಲಿ ದೊಡ್ಡ ಬಟ್ಟೆ ಅಂಗಡಿ. ಕಾಲುನೋವು, ದೂರ ಪ್ರಯಾಣ ಆಗದು. “ಒಮ್ಮೆ ಬಂದು ಮುಖ ತೋರಿಸಿ ಹೋಗ್ಲಿಕ್ಕೆ ಹೇಳಿ ಅವನಿಗೆ,” ಎಂದು ಅವರೂ ನನಗೇ ಫೋನು ಮಾಡುತ್ತಿದ್ದರು. ಹೇಳದೆ ಹೋಗುವುದು ಇವರಿಗೆ ಆಗದು, ಹೇಳಲು ಹೋಗುವುದೂ ಆಗದು. ಏಕೆಂದು ಕೇಳಿದರೆ ಬಾಯಿ ಬಿಡರು. ನಾಲ್ಕು ಗಂಟೆಯ ದಾರಿ, ಕಾರು ನನ್ನದು, ಪೆಟ್ರೋಲು ನನ್ನದು! ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದು ದಿನವಂತೂ ನಾನು ಸಿಟ್ಟಿನಲ್ಲಿ ಅವರನ್ನು ಬಿಟ್ಟು ಒಬ್ಬನೇ ಆಫೀಸಿಗೆ ಹೋದೆ. ಅವರು ಟ್ಯಾಕ್ಸಿ ಮಾಡಿಕೊಂಡು ನನಗಿಂತ ಮೊದಲೇ ಬಂದು ಕೂತಿದ್ದರು.

ಕೊನೆಗೆ ನಮ್ಮ ತಾಳಮದ್ದಳೆಯ ಗುಂಪು ಒಂದು ಉಪಾಯ ಮಾಡಿತು. ಇವರಿಗೆ ಬಹಳ ವರ್ಷದ ಒಂದು ಆಸೆಯಿತ್ತು. ಜನರಲ್‌ನ ಮೇಲೆ ತಾವೇ ಒಂದು ಪ್ರಸಂಗ ಬರೆದಿಟ್ಟಿದ್ದರು. ರಾಮ, ಕೃಷ್ಣ, ಕರ್ಣರ ನಡುವೆ ಸ್ಕಾಟ್ಲೆಂಡಿನವನೆಲ್ಲಿ ಎಂದು ಯಾರೂ ಅದನ್ನು ಮುಟ್ಟಿರಲಿಲ್ಲ. ಬೀಳ್ಕೊಡುಗೆಗೆ ಅದನ್ನೇ ಆಡಿಸುವ, ಆಸೆ ತೀರಿದ ಮೇಲಾದರೂ ಹೊರಟಾರು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅಲ್ ಖೌದ್‌ನ ಒಂದು ಹಾಲ್‌ನಲ್ಲಿ ಚಾಪೆ ಹಾಸಿದ್ದಾಯಿತು. ಮೊಬೈಲ್ ಅಂಗಡಿ ಇಟ್ಟಿದ್ದ ನಮ್ಮ ಭಾಗವತರು ಜಾಗಟೆ ಹಿಡಿದು ನನ್ನ ಕಿವಿಯಲ್ಲಿ, “ಇದನ್ನು ಹಾಡಿದ್ದು ಊರಿಗೆ ಗೊತ್ತಾದ್ರೆ ನನ್ನ ಗುರುಗಳು ಬಿಡುದಿಲ್ಲ,” ಎಂದರು. ಆದರೂ ಶುರುಮಾಡಿದರು.

ಹಾಯಿ ಹಡಗನು ಇಳಿದು ಬಂದನು
ಬಾಯಿ ಬಾರದ ಕೆಂಪು ವೀರನು...

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಕೂತು ಮಾತಿನಲ್ಲೇ ಎಲ್ಲವನ್ನೂ ಕಟ್ಟಬೇಕು. ಪದ್ಯ ಮೊದಲೇ ಬರೆದದ್ದು, ಅದನ್ನು ಭಾಗವತರು ಹಾಡುತ್ತಾರೆ. ಆಮೇಲಿನ ಮಾತು, ಅಂದರೆ ಅರ್ಥ, ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಹೇಳಬೇಕಾದದ್ದು. ಎದುರಿನವನು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಸುಮ್ಮನೆ ಕೂತರೆ ಸೋತ ಹಾಗೆ. ಅವರು ಜನರಲ್. ನಾನು ಕಚೇರಿಗೆ ಬರಲೊಪ್ಪದ ಕರಾವಳಿಯ ಗುರಿಕಾರ, ಅಂದರೆ ಊರಿನ ಮುಖಂಡ. ಒಪ್ಪಿಕೊಳ್ಳಬೇಕು, ಅವರು ಅಂದು ಅದ್ಭುತವಾಗಿ ಮಾತಾಡಿದರು. ನಗಲು ಬಂದವರು ನಗಲಿಲ್ಲ. ಮಳೆ ಸುರಿಯುವ ಡೇರೆಯೊಳಗೆ ಒದ್ದೆ ಕಾಲುಚೀಲ ಹಿಂಡುತ್ತ, ತನ್ನ ಭಾಷೆ ಆಡುವವನೊಬ್ಬನೂ ಇಲ್ಲದೆ ಕೂತ ಒಬ್ಬ ಮನುಷ್ಯನನ್ನು ಅವರು ಆ ಚಾಪೆಯ ಮೇಲೆ ಕೂರಿಸಿದರು. ನನ್ನ ಹಿಂದೆ ಕೂತಿದ್ದವರು ಮೂಗು ಎಳೆದುಕೊಂಡದ್ದು ಕೇಳಿಸಿತು. ಅವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಇಲ್ಲಿಯ ಯಾವುದೋ ಕೋಣೆಯಲ್ಲಿ ಹಾಗೆ ಕೂತವರೇ.

ಪ್ರಸಂಗದ ಕೊನೆಯಲ್ಲಿ ಜನರಲ್ ಗವರ್ನರ್ ಆಗುತ್ತಾನೆ, ಗುರಿಕಾರ ಎಳನೀರು ಹೊತ್ತು ಮದ್ರಾಸಿಗೆ ನೋಡಲು ಹೋಗುತ್ತಾನೆ, ಇಬ್ಬರೂ ಹಳೆಯ ಜಗಳ ನೆನೆದು ನಗುತ್ತಾರೆ, ಮಂಗಳ. ಹಾಗೆಂದು ಬರೆದಿತ್ತು. ಆದರೆ ಅಷ್ಟು ತಿಂಗಳ ಸಿಟ್ಟು ನನ್ನೊಳಗೆ ಕೂತಿತ್ತಲ್ಲ, ಇದೇ ಸಮಯ ಎನ್ನಿಸಿತು. ಮಂಗಳಕ್ಕೆ ಜಾಗಟೆ ಎತ್ತಿದ ಭಾಗವತರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ.

“ಪ್ರಭುಗಳೇ, ಆಳು ಅರಸನಾದದ್ದಾಯಿತು. ಸಂತೋಷ. ಈ ಬಡವನದು ಒಂದೇ ಪ್ರಶ್ನೆ. ಇನ್ನು ಮುಂದೇನು? ತಮ್ಮ ಊರಲ್ಲಿ ತಮ್ಮವರು ಕಣ್ಣು ಬಾಡಿಸಿಕೊಂಡು ಕಾದಿದ್ದಾರೆ. ಊರಿಗೆ ಹೋಗುವುದು ಯಾವಾಗ?”

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಸಭೆ ಚಪ್ಪಾಳೆ ತಟ್ಟಿತು. ಅವರಿಂದ ಮಾತು ಬರಲಿಲ್ಲ. ಮದ್ದಳೆಯವನು ಏನು ಮಾಡುವುದೆಂದು ತಿಳಿಯದೆ ಮೆಲ್ಲಗೆ ಎರಡು ಪೆಟ್ಟು ಹಾಕಿದ. ಜನರ ಮುಂದೆ ಅವರನ್ನು ಸೋಲಿಸಿದೆನೆಂದು ನನಗೆ ಖುಷಿಯೇ ಆಯಿತು. ಆಗ ಅವರು ಶಲ್ಯ ಸರಿಮಾಡಿಕೊಂಡು ಶುರುಮಾಡಿದರು.

“ಎಲೈ ಗುರಿಕಾರನೇ, ಕೇಳಬಾರದ್ದನ್ನು ಕೇಳಿದೆ. ಕೇಳಿದ ಮೇಲೆ ಹೇಳದೆ ಉಳಿದರೆ ನಾನು ಸೋತಂತೆ. ಊರಿಗೆ ಹೋಗುವೆನೆಂದು ಬರೆದು ಕೊಟ್ಟೆ. ನನ್ನ ಜಾಗಕ್ಕೆ ಬರುವವನ ಹಾದಿ ಕಾದೆ. ಹೋಗುವ ಮುನ್ನ ಎಳೆಯ ವಯಸ್ಸಿನಲ್ಲಿ ದುಡಿದ ಸೀಮೆಯನ್ನು, ಅಲ್ಲಿಯ ಹಳೆಯ ಮುಖಗಳನ್ನು ಒಮ್ಮೆ ನೋಡಿ ಬರೋಣವೆಂದು ಹೊರಟೆ. ವಿದಾಯ ಹೇಳಲು ಹೊರಟೆನಯ್ಯಾ! ದಾರಿಯ ಬಿಡಾರದಲ್ಲಿ ವಾಂತಿಭೇದಿ ಬಡಿಯಿತು. ಬೆಳಿಗ್ಗೆ ನೆಟ್ಟಗೆ ಕೂತಿದ್ದವನು ರಾತ್ರಿಯೊಳಗೆ ಮುಗಿದೆ. ಹಡಗು ಹತ್ತಲಿಲ್ಲ. ಅವಳ ಮುಖ ನೋಡಲಿಲ್ಲ. ನನ್ನ ಪ್ರಸಂಗವನ್ನು ಗವರ್ನರ್ ಆದಲ್ಲಿಗೇ ನಿಲ್ಲಿಸಿದ್ದು ಯಾಕೆಂದು ಈಗ ತಿಳಿಯಿತೇ?”

ಕೊನೆಯ ಮಾತಿಗೆ ಸ್ವರ ಒಡೆಯಿತು. ಸಭೆಯವರು ಅದನ್ನು ರಸ ಎಂದುಕೊಂಡರು. ನನಗೆ ಮಾತ್ರ ಎಲ್ಲವೂ ಒಂದೇ ಸಲ ಹೊಳೆಯಿತು. ಅವರು ಆ ಜನರಲ್‌ನ ಕತೆಯನ್ನು ಬರೀ ಹೇಳುತ್ತಿರಲಿಲ್ಲ, ಅದನ್ನೇ ತಮ್ಮ ಜಾತಕ ಮಾಡಿಕೊಂಡಿದ್ದರು! ಸಿಮೆಂಟ್ ಮೂಟೆಯಿಂದ ಕ್ಯಾಬಿನ್‌ವರೆಗೆ ಒಂದೊಂದಾಗಿ ಹೊಂದಿಸಿಕೊಂಡು ಬಂದವರಿಗೆ, ರಾಜೀನಾಮೆ ಕೊಟ್ಟ ಮೇಲೆ ಮುಂದಿನ ಪದ್ಯ ಯಾವುದೆಂದು ನೆನಪಾಗಿತ್ತು. ಬುರೈಮಿಗೆ ವಿದಾಯ ಹೇಳಲು ಹೋದರೆ ಸಾವು. ಹೇಳದೆ ಹೋದರೆ ಗಂಜಿ ಕುಡಿಸಿದವನಿಗೆ ದ್ರೋಹ. ಅದಕ್ಕೇ ಮನುಷ್ಯ ಕುರ್ಚಿಗೆ ಅಂಟಿ ಕೂತಿದ್ದು. ಇಷ್ಟು ಓದಿದವರು, ಇಷ್ಟು ಲೋಕ ಕಂಡವರು, ಇಂಥ ಮೂರ್ಖತನ! ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಅಲುಗಾಡಿಸಲು ಆಗುವುದಿಲ್ಲವಲ್ಲ, ಪಾತ್ರದಲ್ಲಿದ್ದೆ. ಮಾತಿನ ಸರದಿ ನನ್ನದು.

“ಪ್ರಭುಗಳೇ,” ಎಂದೆ. “ನಡೆದದ್ದು ಪದ್ಯ. ಅದನ್ನು ತಿದ್ದಲು ನನ್ನಿಂದಾಗದು. ಅರ್ಥ ಮಾತ್ರ ನಮ್ಮದು. ಆ ಪ್ರಯಾಣದಲ್ಲಿ ತಮ್ಮ ಸುತ್ತ ಸಿಪಾಯಿಗಳಿದ್ದರು, ಗುಮಾಸ್ತರಿದ್ದರು. ತಮ್ಮ ಜೊತೆ ಸರಿಸಮಕ್ಕೆ ಜಗಳವಾಡುವ ಒಬ್ಬ ಕರಾವಳಿಯವನು ಇರಲಿಲ್ಲ. ಈ ಬಾರಿ ನಾನು ಬರುತ್ತೇನೆ. ಕುಡಿಯುವ ನೀರನ್ನು ನನ್ನ ಮನೆಯಲ್ಲೇ ಕುದಿಸಿ ತರುತ್ತೇನೆ. ತಾವು ಹೊರಡಬೇಕು.”

ಅವರು ತಲೆ ತಗ್ಗಿಸಿ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿದರು. ಆಮೇಲೆ ಸಣ್ಣ ಸ್ವರದಲ್ಲಿ, “ಜೀರಿಗೆ ಹಾಕಿಯೇ?” ಎಂದರು. ಹಾಲ್ ತುಂಬ ನಗು. ಭಾಗವತರಿಗೆ ಒಳ್ಳೆಯದಾಗಲಿ, ಇನ್ನು ಒಂದು ಕ್ಷಣವೂ ಕೊಡಬಾರದೆಂದು ಮಂಗಳ ಎತ್ತಿಬಿಟ್ಟರು.

ಮರುವಾರವೇ ಹೊರಟೆವು. ಹೊರಟದ್ದೇನೋ ಹೌದು, ಆ ದಾರಿಯ ಕತೆ ಬೇಡ. ಈ ಫ್ಲಾಸ್ಕನ್ನು ಅವರು ಎದೆಗೆ ಒತ್ತಿ ಹಿಡಿದಿದ್ದರು. ನನ್ನ ಹೆಂಡತಿ ನೀರನ್ನು ಒಂದು ಸಲ ಕುದಿಸಿದ್ದು ಸಾಲದೆಂದು ಮತ್ತೆ ಕುದಿಸಲು ಹೇಳಿದ್ದರು. ಸೊಹಾರ್‌ನಲ್ಲಿ ಚಹಾಕ್ಕೆ ನಿಲ್ಲಿಸಿದರೆ ಇಳಿಯಲಿಲ್ಲ. ಬಾಟಲಿ ನೀರು ಸೀಲು ಮಾಡಿದ್ದು ಎಂದರೆ, ಸೀಲು ಹಾಕಿದವನು ಕೈ ತೊಳೆದಿದ್ದನೇ ಎಂದರು. ಗುಡ್ಡಗಳ ನಡುವಿನ ದಾರಿಯಲ್ಲಿ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡರು. “ಎಂತದೋ ಗುಡುಗುಡು ಆಗ್ತಾ ಉಂಟು.” ಅದು ಹಸಿವು ಸಾರ್ ಎಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಬುರೈಮಿಯಲ್ಲಿ ಹಾಜಿಯಾರ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಒಳಗೆ ಪತ್ತಿರ್ ಎಂಬ ಅಕ್ಕಿರೊಟ್ಟಿ, ಕೋಳಿ ಸಾರು, ಹಣ್ಣು, ಮಜ್ಜಿಗೆ, ಏನುಂಟು ಏನಿಲ್ಲ. ನಮ್ಮವರು ಎಲ್ಲವನ್ನೂ ನೋಡಿ, ಕೈಮುಗಿದು, ಮಡಿಲಲ್ಲಿದ್ದ ಫ್ಲಾಸ್ಕ್ ತೆರೆದರು. ನಾಚಿಕೆಯಿಂದ ನಾನು ಎಲ್ಲಿ ನೋಡುವುದೆಂದು ತಿಳಿಯದೆ ಗೋಡೆಯ ಗಡಿಯಾರ ನೋಡಿದೆ.

ಹಾಜಿಯಾರ್ ಮುಖ ಕೆಂಪಾಯಿತು. “ಎಂತ ಮಾರಾಯಾ, ನನ್ನ ಮನೆ ನೀರು ವಿಷವಾ? ತೋಟದ ಫಲಜ್‌ನಲ್ಲಿ ಒಟ್ಟಿಗೆ ಬೊಗಸೆ ಒಡ್ಡಿ ಕುಡಿದವ ನೀನು!” ಫಲಜ್ ಎಂದರೆ ಇಲ್ಲಿಯ ಖರ್ಜೂರದ ತೋಟಗಳಿಗೆ ನೀರು ತರುವ ಕಾಲುವೆ.

ಇವರು ನನ್ನ ಕಡೆ ನೋಡಿದರು. ನಾನೇ ಹೇಳಬೇಕಾಯಿತು. ಜನರಲ್, ಗವರ್ನರ್, ವಿದಾಯ, ವಾಂತಿಭೇದಿ, ಎಲ್ಲವನ್ನೂ. ನನ್ನ ಬಾಯಲ್ಲೇ ಆ ಕತೆ! ಹೇಳುವಾಗಲೇ ಅದೆಷ್ಟು ಹುಚ್ಚು ಎನ್ನಿಸಿತೆಂದರೆ, ಹಾಜಿಯಾರ್ ನಕ್ಕುಬಿಟ್ಟರೆ ಸಾಕಪ್ಪ ಎಂದುಕೊಂಡೆ. ಅವರು ನಗಲಿಲ್ಲ. ಎದ್ದು ಬಂದು ಇವರ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡರು, ಎರಡು ಲೋಟಕ್ಕೆ ಬಗ್ಗಿಸಿದರು, ಒಂದನ್ನು ತಾವು ಒಂದೇ ಗುಟುಕಿಗೆ ಕುಡಿದರು.

“ಆಯ್ತಾ? ನಿನ್ನ ನೀರು ನಾನು ಕುಡಿದೆ. ಈಗ ನನ್ನ ಅನ್ನ ನೀನು ಉಣ್ಣು. ಹೋಗುದಾದ್ರೆ ಇಬ್ಬರೂ ಒಟ್ಟಿಗೆ ಹೋಗುವ.”

ಅವರು ಉಂಡರು. ಎಂಥ ಊಟ! ತಿಂಗಳುಗಳ ಹೆದರಿಕೆಯೆಲ್ಲ ಹಸಿವಾಗಿತ್ತೋ ಏನೋ, ಪತ್ತಿರ್ ತರಲು ಹಾಜಿಯಾರ್ ಸೊಸೆಗೆ ಒಳಗೂ ಹೊರಗೂ ಓಡಿ ಸಾಕಾಯಿತು. ಮರಳುವಾಗ ಕಾರಿನಲ್ಲಿ ಗೊರಕೆ. ನನ್ನ ಗತಿ ನೋಡಿ. ಅಷ್ಟು ಹೊತ್ತು ಅವರನ್ನು ಬೈದವನು, ಆ ಗೊರಕೆ ನಿಂತಾಗಲೆಲ್ಲ ಕೈ ಚಾಚಿ ಅವರ ಮೂಗಿನ ಬಳಿ ಉಸಿರು ನೋಡುತ್ತಿದ್ದೆ! ಅಲ್ ಖೌದ್ ಮುಟ್ಟಿದಾಗ ಕಣ್ಣುಬಿಟ್ಟು, “ಬದುಕಿದ್ದೇನಲ್ವಾ?” ಎಂದರು. ಬದುಕಿದ್ದೀರಿ, ಇಳಿಯಿರಿ ಎಂದೆ. ಫ್ಲಾಸ್ಕ್ ಸೀಟಿನ ಕೆಳಗೆ ಬಿಟ್ಟು ಹೋದರು. ಆಮೇಲೆ ಅದನ್ನು ಕೇಳಲೇ ಇಲ್ಲ.

ಹೋದರು. ಅಕ್ಕನ ಕಣ್ಣಿನ ಕಟ್ಟು ಬಿಚ್ಚುವಾಗ ಎದುರೇ ಕೂತಿದ್ದರಂತೆ. “ಇಷ್ಟು ಮುದುಕ ಆಗಿದ್ದೀರಾ!” ಎಂದರಂತೆ ಅಕ್ಕ. ಅದನ್ನು ಹೇಳಲು ಫೋನು ಮಾಡಿದವರು ಅರ್ಧ ಗಂಟೆ ಬಿಡಲಿಲ್ಲ. ಆಮೇಲೆ ಪ್ರತಿ ಶುಕ್ರವಾರವೂ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಪ್ರಸಂಗಕ್ಕೆ ಹೊಸ ಕೊನೆ ಬರೆದಿದ್ದೇನೆಂದು ಹಾಡಿ ತೋರಿಸಿದರು. ಅದರಲ್ಲಿ ಜನರಲ್ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗಿ, ಬೆಂಕಿಯ ಮುಂದೆ ಕೂತು, ಹೆಂಡತಿಗೆ ನಮ್ಮ ಕರಾವಳಿಯ ಮಳೆಯ ಕತೆ ಹೇಳುತ್ತಾನೆ. ಇದು ಇತಿಹಾಸಕ್ಕೆ ಬಗೆದ ಅಪಚಾರ ಎಂದು ರೇಗಿದೆ.

“ಅರ್ಥ ನಮ್ಮದು ಅಂತ ಹೇಳಿದ್ದು ಯಾರು?” ಎಂದರು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಬೆಳಿಗ್ಗೆ ಚೆನ್ನಾಗಿಯೇ ಇದ್ದರಂತೆ, ತುಳಸಿಗೆ ಅವರೇ ನೀರು ಹಾಕಿದ್ದರಂತೆ. ರಾತ್ರಿಯೊಳಗೆ ಮುಗಿಯಿತು, ಎಂದರು ಅಕ್ಕ. ಅದೊಂದು ಪದ್ಯವನ್ನು ಮಾತ್ರ ಬಿಡಲಿಲ್ಲವಲ್ಲ ಎಂದು ಫೋನು ಹಿಡಿದು ಕೂತೆ... ಶುಕ್ರವಾರ ಬಂದರೆ ಈಗಲೂ ಆ ಹೊತ್ತಿಗೆ ಸಿಡುಕುತ್ತೇನೆ. ಯಾರ ಮೇಲೆ ಎಂದು ತಿಳಿಯದೆ ಸಿಡುಕುತ್ತೇನೆ. ಹಾಜಿಯಾರ್‌ಗೆ ಈಗ ಕಿವಿ ಕೇಳಿಸುವುದಿಲ್ಲ, ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಅವರ ಮಗ ನನ್ನಲ್ಲಿ, “ನೀವೇ ಬಂದು ಸುದ್ದಿ ಹೇಳಿ, ನಮ್ಮಿಂದ ಆಗ್ತಾ ಇಲ್ಲ,” ಎಂದ. ಮೊನ್ನೆ ಹೊರಡುವ ಮುಂಚೆ ನೀರಿಗೊಂದು ಬಾಟಲಿ ಹುಡುಕಿದಾಗಲೇ ಈ ಫ್ಲಾಸ್ಕ್ ಸಿಕ್ಕಿದ್ದು.

ತೊಳೆದು, ಜೀರಿಗೆ ನೀರನ್ನೇ ತುಂಬಿಸಿ, ಮಗಳನ್ನು ಜೊತೆಗೆ ಕರೆದುಕೊಂಡು ಹೊರಟೆ. ಸೊಹಾರ್ ದಾಟಿದ ಮೇಲೆ ಅವಳಿಗೆ ಬೇಜಾರು ಬಂತು. ಏನಾದರೂ ಹೇಳು ಎಂದಳು. ನನ್ನ ಬಾಯಿಂದ ಬಂದದ್ದೇನು? ಹಾಯಿಹಡಗು ಮದ್ರಾಸಿಗೆ ಬಂತು. ನನ್ನ ಮೇಲೇ ನನಗೆ ಕೋಪ ಬಂತು, ಆದರೂ ಗವರ್ನರ್ ಆಗುವವರೆಗೆ ಒಂದನ್ನೂ ಬಿಡದೆ ಹೇಳಿದೆ.

“ಆಂಡ್ ದೆನ್?” ಎಂದಳು.

“ಆಮೇಲೆ ಊರಿಗೆ ಹೋದ. ಹೆಂಡತಿ ನೋಡಿ, ಇಷ್ಟು ಮುದುಕ ಆಗಿದ್ದೀರಾ ಅಂದಳು.”

ಅವಳು ಮೊಬೈಲಿನಲ್ಲಿ ಹುಡುಕಿ, “ನೋ ಪಪ್ಪಾ. ಹೀ ಡೈಡ್ ಇನ್ ಇಂಡಿಯಾ ಓನ್ಲಿ. ಊರಿಗೆ ಹೋಗ್ಲೇ ಇಲ್ಲ,” ಎಂದಳು.

“ಅದು ಪದ್ಯ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ.

ಹಾಜಿಯಾರ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಕಟ್ಟಿಕೊಂಡು ಹೋಗಿದ್ದ ಮಾತೊಂದೂ ಬೇಕಾಗಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಫ್ಲಾಸ್ಕ್ ನೋಡಿದರು, ನನ್ನ ಹಿಂದೆ ಇನ್ನು ಯಾರಾದರೂ ಇಳಿಯುತ್ತಾರೋ ಎಂದು ಕಾರಿನ ಕಡೆ ನೋಡಿದರು, ಮತ್ತೆ ಫ್ಲಾಸ್ಕ್ ನೋಡಿದರು. ಆಮೇಲೆ ಕೈ ಚಾಚಿ ಅದನ್ನು ತೆಗೆದುಕೊಂಡು ಒಳಗೆ ಲೋಟ ತರಲು ಹೇಳಿದರು. ಸೊಸೆ ಎರಡು ಲೋಟ ತಂದಳು. ಎರಡಕ್ಕೂ ಬಗ್ಗಿಸಿದರು.

“ಒಟ್ಟಿಗೆ ಹೋಗುವ ಅಂತ ಹೇಳಿದ್ದೆನಲ್ಲ ಅವನಿಗೆ,” ಎಂದರು. ಒಂದು ಲೋಟ ಕುಡಿದರು. ಇನ್ನೊಂದು ಸಂಜೆ ನಾವು ಹೊರಡುವವರೆಗೂ ಕುರ್ಚಿಯ ಪಕ್ಕದಲ್ಲಿ ಹಾಗೆಯೇ ಇತ್ತು.